ಘಟ್ಟದ ಕೆಳಗೆ ಒಂದು ದಿನ

ಘಟ್ಟದ ಮೇಲಿನವರಾದ ನಮಗೆ ಊರು ಬಿಟ್ಟು ಹೋಗಲು ಇರುವುದು ಎರಡೇ ದಿಕ್ಕು. ಮೂಡಲಿಗೆ ಹೋದರೆ ಬಯಲುಸೀಮೆ, ಪಡುವಲಿಗೆ ಇಳಿದರೆ ಘಟ್ಟದ ಕೆಳಗು. ಬಯಲುಸೀಮೆಗೆ ಹೋಗುವುದು ಕಚೇರಿ ಕೆಲಸಕ್ಕೆ, ಮಕ್ಕಳ ಕಾಲೇಜಿಗೆ, ಬೆಂಗಳೂರಿನ ನೆಂಟರ ಗೃಹಪ್ರವೇಶಕ್ಕೆ. ಘಟ್ಟದ ಕೆಳಗೆ ಇಳಿಯುವುದು ದೇವರಿಗೆ, ಇಲ್ಲವೇ ಡಾಕ್ಟರಿಗೆ. ಉಡುಪಿಯ ಕೃಷ್ಣ, ಕೊಲ್ಲೂರಿನ ಮೂಕಾಂಬಿಕೆ, ಮಣಿಪಾಲದ ಆಸ್ಪತ್ರೆ. ಈ ಮೂರನ್ನು ಬಿಟ್ಟರೆ ನಾಲ್ಕನೆಯ ಕಾರಣ ನಮಗೆ ಹೊಳೆಯುವುದೇ ಇಲ್ಲ. ಸಮುದ್ರ ನೋಡುವುದು ಆ ಹೋಗುವಿಕೆಯ ಬಾಲ ಮಾತ್ರ. ಮಲ್ಪೆಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ಒದ್ದೆ ಮಾಡಿಕೊಂಡರೆ ಮುಗಿಯಿತು. ಕತ್ತಲಾಗುವುದರೊಳಗೆ ಘಟ್ಟ ಹತ್ತಬೇಕೆಂಬ ಅವಸರ ಶುರುವಾಗುತ್ತದೆ.

ಕಳೆದ ದಸರಾ ರಜೆಯಲ್ಲಿ ನಾವು ನಾಲ್ವರು ಹೆಂಗಸರು ಬಾಡಿಗೆ ಕಾರು ಮಾಡಿಕೊಂಡು, ದೇವರೂ ಇಲ್ಲದೆ ಡಾಕ್ಟರೂ ಇಲ್ಲದೆ, ಸುಮ್ಮನೆ ನೋಡಲಿಕ್ಕೆಂದೇ ಹೋಗಿ ಬಂದೆವು. ನಾಲ್ವರೆಂದರೆ ನಾನು, ಬಿ.ಎಡ್.ನಲ್ಲಿ ನನ್ನ ಜೊತೆ ಓದಿದ ಇಬ್ಬರು ಗೆಳತಿಯರು, ಮತ್ತು ನನ್ನ ಅಮ್ಮ. ಗೆಳತಿಯರಲ್ಲಿ ಒಬ್ಬಳು ಶೃಂಗೇರಿಯವಳು, ಇನ್ನೊಬ್ಬಳು ನರಸಿಂಹರಾಜಪುರದವಳು, ನಾನು ಕೊಪ್ಪದವಳು. ಮೂವರೂ ಮೇಷ್ಟ್ರುಗಿರಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಶೃಂಗೇರಿಯವಳಿಗೆ ಶಾರದೆಯ ಬಲ, ಎನ್.ಆರ್. ಪುರದವಳಿಗೆ ಭದ್ರೆಯ ಬಲ, ಕೊಪ್ಪದವಳಾದ ನನಗೆ ಬರೀ ಮಾತಿನ ಬಲ ಎಂಬುದು ಅವರಿಬ್ಬರ ಹಳೆಯ ಆರೋಪ.

ಅಮ್ಮನಿಗೆ ಎಂಬತ್ತೆರಡು. ಆಕೆ ಹುಟ್ಟಿದ್ದು ಕುಂದಾಪುರದ ಹತ್ತಿರ, ಬಸರೂರಿನ ಪಕ್ಕದ ಹಳ್ಳಿಯಲ್ಲಿ, ವಾರಾಹಿ ಹೊಳೆಯ ದಂಡೆಯ ಮೇಲೆ. 1962ರಲ್ಲಿ ಮದುವೆಯಾಗಿ ಘಟ್ಟ ಹತ್ತಿದವಳು. ಮಾವಂದಿರು ಒಬ್ಬೊಬ್ಬರಾಗಿ ಬೊಂಬಾಯಿಯ ಹೋಟೆಲುಗಳಿಗೆ ಹೋದರು. ಅಜ್ಜಿ ತೀರಿಕೊಂಡ ಮೇಲೆ ಮನೆ ಬೇರೆಯವರ ಪಾಲಾಯಿತು. ತವರಿನಲ್ಲಿ ಯಾರೂ ಇಲ್ಲದ ಮೇಲೆ ತವರಿಗೆ ಹೋಗುವುದೆಂತು? ಉಡುಪಿಗೆ ಎಷ್ಟೋ ಸಲ ಹೋದರೂ ಮೂವತ್ತು ವರ್ಷಗಳಿಂದ ಅಮ್ಮ ಬಸರೂರಿನ ಕಡೆ ತಿರುಗಿರಲಿಲ್ಲ.

ಈ ಪ್ರಯಾಣಕ್ಕೆ ನೆಪವಾದದ್ದು ದೂರದ ಸ್ಕಾಟ್ಲೆಂಡು ಎಂದರೆ ನೀವು ನಗಬಹುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಕೆಲಸದಲ್ಲಿದ್ದಾಳೆ. ಒಂದು ಭಾನುವಾರ ಕಾರಿನಲ್ಲಿ ಕಡಲತಡಿಯ ಐದಾರು ಊರು ಸುತ್ತಿ, ನನ್ನ ಮೊಬೈಲಿಗೆ ಚಿತ್ರಗಳನ್ನು ಕಳಿಸಿದ್ದಳು. ಪುಟ್ಟ ಬಂದರುಗಳು, ಕಲ್ಲಿನ ಕಟ್ಟೆಗಳು, ಒತ್ತೊತ್ತಾಗಿ ನಿಂತ ಮನೆಗಳು. ಆನ್‌ಸ್ಟ್ರದರ್ ಎಂಬ ಊರಿನ ಚಿತ್ರದ ಕೆಳಗೆ ಹೀಗೆ ಬರೆದಿದ್ದಳು: "ಮೇಡಂ, ಇಲ್ಲಿ ಹಿಂದೆ ಹೆರಿಂಗ್ ಎಂಬ ಮೀನು ರಾಶಿ ರಾಶಿ ಸಿಗುತ್ತಿತ್ತಂತೆ. 1940ರ ದಶಕದ ಹೊತ್ತಿಗೆ ಅದು ಬರುವುದೇ ನಿಂತಿತಂತೆ. ಈಗ ಇಲ್ಲಿ ಮೀನುಗಾರಿಕೆಯ ಮ್ಯೂಸಿಯಂ ಇದೆ." ಆ ಮ್ಯೂಸಿಯಂ 1969ರಲ್ಲಿ ಶುರುವಾದದ್ದು ಎಂದು ಆಮೇಲೆ ಓದಿ ತಿಳಿದೆ. ಹೆರಿಂಗ್ ಎಂದರೆ ನಮ್ಮ ಕರಾವಳಿಯ ಬೂತಾಯಿಗೆ ನೆಂಟಸ್ತಿಕೆಯ ಮೀನು. ಅಮ್ಮ ಕನ್ನಡಕ ಏರಿಸಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಇದು ನಮ್ಮ ಗಂಗೊಳ್ಳಿ ಹಾಂಗೇ ಉಂಟಲ್ಲ" ಎಂದಳು. ಅಷ್ಟೇ ಹೇಳಿದ್ದು. ಗೆಳತಿಯರಿಗೆ ಫೋನು ಮಾಡಿ ದಿನ ಗೊತ್ತು ಮಾಡಿದೆ.

ಬೆಳಗಿನ ಜಾವ ಹೊರಟು ಆಗುಂಬೆ ಮುಟ್ಟುವಾಗ ಇನ್ನೂ ಮಂಜು. ಸಾಮಾನ್ಯವಾಗಿ ಜನ ಆಗುಂಬೆಗೆ ಬರುವುದು ಸೂರ್ಯ ಮುಳುಗುವುದನ್ನು ನೋಡಲಿಕ್ಕೆ. ನಾವು ಸೂರ್ಯ ಏಳುವ ಮೊದಲೇ ಇಳಿಯತೊಡಗಿದೆವು. ಸುಮಾರು 640 ಮೀಟರು ಎತ್ತರದಿಂದ ಹದಿನಾಲ್ಕು ತಿರುವುಗಳಲ್ಲಿ ರಸ್ತೆ ಕೆಳಗಿಳಿಯುತ್ತದೆ. ಒಂದೊಂದು ತಿರುವಿಗೂ ಗಾಳಿ ಸ್ವಲ್ಪ ಸ್ವಲ್ಪ ಬೆಚ್ಚಗಾಗುತ್ತದೆ. ಏಳನೆಯ ತಿರುವಿನಲ್ಲಿ ಶಾಲು ತೆಗೆದೆವು, ಹತ್ತನೆಯದರಲ್ಲಿ ಸ್ವೆಟರು.

ನೀರಿಗೂ ಇಲ್ಲಿ ಎರಡು ದಾರಿ. ಈ ಬೆಟ್ಟಸಾಲಿನ ಮೂಡಣ ಮಗ್ಗುಲಲ್ಲಿ ಬಿದ್ದ ಮಳೆ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ನಡೆಯುತ್ತದೆ. ಪಡುವಣ ಮಗ್ಗುಲಲ್ಲಿ ಬಿದ್ದದ್ದು ಸೀತಾನದಿಯಾಗಿ ಹೆಬ್ರಿಯ ಕಡೆ ಹರಿದು ಅರಬ್ಬೀ ಸಮುದ್ರ ಸೇರುತ್ತದೆ. ಎರಡು ಹನಿ ಅಕ್ಕಪಕ್ಕ ಬಿದ್ದರೂ ಒಂದರದು ಒಂದು ದಿನದ ದಾರಿ, ಇನ್ನೊಂದರದು ದೇಶದ ಆಚೆ ಬದಿಯವರೆಗಿನ ದಾರಿ.

ಮನುಷ್ಯರೂ ಇಲ್ಲೊಂದು ಗೆರೆ ಎಳೆದಿದ್ದರು. ಶೃಂಗೇರಿಯಿಂದ ಕಾರ್ಕಳಕ್ಕೆ ಇಳಿಯುವ ಇನ್ನೊಂದು ದಾರಿಯಲ್ಲಿ ಎಸ್.ಕೆ. ಬಾರ್ಡರ್ ಎಂಬ ಜಾಗವಿದೆ. ಎಸ್.ಕೆ. ಎಂದರೆ ಸೌತ್ ಕೆನರಾ. ಅಮ್ಮ ಹುಟ್ಟಿದಾಗ ಘಟ್ಟದ ಕೆಳಗಿನದು ಮದರಾಸು ಪ್ರಾಂತ, ಮೇಲಿನದು ಮೈಸೂರು ಸಂಸ್ಥಾನ. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯವಾದವು. 1997ರಲ್ಲಿ ದಕ್ಷಿಣ ಕನ್ನಡ ಒಡೆದು ಉಡುಪಿಯೇ ಬೇರೆ ಜಿಲ್ಲೆಯಾಯಿತು. ಆದರೂ ಬಸ್ಸಿನವರು ಇಂದಿಗೂ "ಎಸ್.ಕೆ. ಬಾರ್ಡರ್ ಇಳಿಯುವವರು ಯಾರು?" ಎಂದೇ ಕೇಳುತ್ತಾರೆ ಎಂದು ಶೃಂಗೇರಿಯ ಗೆಳತಿ ನಕ್ಕಳು. ಇಲ್ಲದ ಜಿಲ್ಲೆಗೆ ಒಂದು ಗಡಿ!

ಹೆಬ್ರಿ ದಾಟಿ ಬ್ರಹ್ಮಾವರದ ದಾರಿ ಹಿಡಿದೆವು. ನಮ್ಮಲ್ಲಿ ಭತ್ತ ಇನ್ನೂ ಹಸುರಾಗಿ ನಿಂತಿತ್ತು. ಇಲ್ಲಿ ಆಗಲೇ ಹೊಂಬಣ್ಣಕ್ಕೆ ತಿರುಗಿ, ಕೆಲವು ಗದ್ದೆಗಳಲ್ಲಿ ಕಟಾವಿನ ಯಂತ್ರ ಓಡಾಡುತ್ತಿತ್ತು. ಅಮ್ಮ ಕಿಟಕಿಗೆ ಮುಖವಿಟ್ಟು ಕುಳಿತಿದ್ದಳು. ಹಿಂದೆ ಘಟ್ಟದ ಮೇಲಿನ ಅಕ್ಕಿ, ಅಡಿಕೆ, ಕಾಳುಮೆಣಸು ಹೇರೆತ್ತುಗಳ ಬೆನ್ನ ಮೇಲೆ ಈ ಘಟ್ಟಗಳನ್ನು ಇಳಿಯುತ್ತಿದ್ದವು. ಹಿಂದಿರುಗುವಾಗ ಅದೇ ಎತ್ತುಗಳ ಮೇಲೆ ಉಪ್ಪು, ತೆಂಗಿನಕಾಯಿ, ಒಣಮೀನು ಹತ್ತುತ್ತಿದ್ದವು. ಹೀಗೆ ಇಳಿದ ಸರಕು ಹೋಗಿ ಸೇರುತ್ತಿದ್ದ ಎರಡು ಹಳೆಯ ಪೇಟೆಗಳೇ ನಮ್ಮ ಆ ದಿನದ ಗುರಿ: ಬಾರಕೂರು ಮತ್ತು ಬಸರೂರು.

ಬ್ರಹ್ಮಾವರದಿಂದ ಬಾರಕೂರಿಗೆ ಹೋಗುವಾಗ ಒಂದು ಸೇತುವೆ ಸಿಗುತ್ತದೆ. ಕೆಳಗೆ ಅಗಲವಾಗಿ, ಸದ್ದಿಲ್ಲದೆ ಹರಿಯುವ ಹೊಳೆ. ಡ್ರೈವರನ್ನು ಕೇಳಿದರೆ "ಸೀತಾನದಿ" ಎಂದ. ಬೆಳಿಗ್ಗೆ ಆಗುಂಬೆಯಲ್ಲಿ ಬಂಡೆಗಳಿಂದ ತೊಟ್ಟಿಕ್ಕುತ್ತಿದ್ದ ನೀರು ನಮಗಿಂತ ಮೊದಲೇ ಇಲ್ಲಿಗೆ ಬಂದು ಕುಳಿತ ಹಾಗಿತ್ತು.

ಬಾರಕೂರು ಆಳುಪರ ರಾಜಧಾನಿಯಾಗಿದ್ದ ಊರು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತಕ್ಕೇ ಇದು ಮುಖ್ಯಪಟ್ಟಣ. ಇಲ್ಲಿನ ಟಂಕಸಾಲೆಯ ಗದ್ಯಾಣ ದೂರದೂರ ಚಲಾವಣೆಯಲ್ಲಿತ್ತು. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂದು ಊರಿನವರು ಹೇಳುತ್ತಾರೆ. ಕತ್ತಲೆ ಬಸದಿಯ ಆವರಣದಲ್ಲಿ ನಾವು ನಾಲ್ವರೇ. ಕಲ್ಲಿನ ಕಂಬಗಳು, ಮಳೆನೀರು ಜಾರಲೆಂದು ಇಳಿಜಾರಾಗಿ ಹೊದಿಸಿದ ಕಲ್ಲುಚಪ್ಪಡಿಗಳು, ಮೂರ್ತಿಯಿಲ್ಲದ ಗರ್ಭಗುಡಿ. ಹುಲ್ಲಿನಲ್ಲಿ ಒಂದು ಕರು ಮೇಯುತ್ತಿತ್ತು.

ಬಾರಕೂರಿಗೆ ಸೇರಿದ ಒಂದು ಕಥೆ ನಿಮಗೆ ಗೊತ್ತಿರಬಹುದು. ದೇವಪಾಂಡ್ಯನೆಂಬವನು ಹೊಸ ಹಡಗುಗಳನ್ನು ಕಟ್ಟಿಸಿದ. ನೀರಿಗಿಳಿಸುವಾಗ ಕುಂಡೋದರನೆಂಬ ಭೂತ ಅಡ್ಡ ನಿಂತು ನರಬಲಿ ಕೇಳಿತು. ಅವನ ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡಲಿಲ್ಲ. ತಂಗಿ ತನ್ನ ಮಗನನ್ನು ಮುಂದೆ ತಂದಳು. ಭೂತ ಮೆಚ್ಚಿ ಆ ಹುಡುಗನನ್ನು ಬಿಟ್ಟಿತು. ಅವನೇ ಮುಂದೆ ಭೂತಾಳ ಪಾಂಡ್ಯನಾದ. ಆಸ್ತಿ ಮಗನಿಗಲ್ಲ, ಅಳಿಯನಿಗೆ ಎಂಬ ಅಳಿಯಸಂತಾನದ ಕಟ್ಟು ಅವನಿಂದ ಬಂತೆಂಬುದು ಐತಿಹ್ಯ. ಪಾಠ ಹೇಳುವ ಚಟದವಳಾದ ನಾನು ಕಂಬಕ್ಕೊರಗಿ ಇದನ್ನು ಹೇಳಿ ಮುಗಿಸಿದಾಗ ಎನ್.ಆರ್. ಪುರದವಳು ಒಂದು ಮಾತು ಕೇಳಿದಳು: "ಹಡಗು ಗಂಡಸಿನದು, ಕೊಡಬೇಕಾದ ಮಗು ಹೆಂಗಸಿನದು. ಆ ಹೆಂಡತಿ ಕೊಡುವುದಿಲ್ಲ ಅಂದದ್ದು ತಪ್ಪಾ?" ನಾವು ಯಾರೂ ಉತ್ತರಿಸಲಿಲ್ಲ.

ಅವಳು ಹಾಗೆ ಕೇಳಲು ಕಾರಣವಿತ್ತು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಮುಳುಗಿದ ಗದ್ದೆಗಳಲ್ಲಿ ಅವಳ ಅಜ್ಜನ ಮನೆಯ ಗದ್ದೆಗಳೂ ಇದ್ದವು. ಒಂದು ಕಾಲಕ್ಕೆ ತರೀಕೆರೆಯಿಂದ ಎನ್.ಆರ್. ಪುರಕ್ಕೆ ಟ್ರಾಂ ಎಂದು ಕರೆಯುತ್ತಿದ್ದ ಪುಟ್ಟ ರೈಲು ಬರುತ್ತಿತ್ತು. ಇಂದು ನಮ್ಮ ಮೂರೂ ತಾಲ್ಲೂಕುಗಳಲ್ಲಿ ರೈಲಿಲ್ಲ. ಬಾರಕೂರಿನಲ್ಲಾದರೋ ಕೊಂಕಣ ರೈಲಿನ ನಿಲ್ದಾಣವಿದೆ. "ಇದು ಹಾಳೂರು ಅಂತ ನೋಡಲಿಕ್ಕೆ ಬಂದೆವು. ಇಲ್ಲಿ ರೈಲು ನಿಲ್ಲುತ್ತದೆ, ನಮ್ಮಲ್ಲಿ ಹಳಿಯೂ ಉಳಿಯಲಿಲ್ಲ" ಎಂದು ಅವಳು ನಕ್ಕಳು. ಆದರೆ ಕಂಬಗಳ ನಡುವೆ ಬಹಳ ಹೊತ್ತು ಒಬ್ಬಳೇ ಓಡಾಡಿದಳು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಅಂಗಳಗಳನ್ನು ನೋಡಲು ಹೋಗುವವಳ ನಡಿಗೆ ಅದು.

ಮತ್ತೆ ಹೆದ್ದಾರಿಗೆ ಬಂದು ಸಾಲಿಗ್ರಾಮ, ಕೋಟ ದಾಟಿದೆವು. ಕೋಟ ಶಿವರಾಮ ಕಾರಂತರ ಹುಟ್ಟೂರು. ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕು ಇದೆ. 'ಮರಳಿ ಮಣ್ಣಿಗೆ' ಕಾದಂಬರಿಯ ಕೋಡಿಯೂ ಈ ಕಡೆಯದೇ. ಕಡಲು ಮತ್ತು ಹೊಳೆಯ ನಡುವಿನ ಮರಳು ನೆಲದಲ್ಲಿ ಹೆಂಗಸರು ಮೈಮುರಿದು ದುಡಿದ ಕಥೆ ಅದು. ಬಿ.ಎ. ಓದುವಾಗ ಅದನ್ನು ಪರೀಕ್ಷೆಗೆಂದು ಓದಿದ್ದೆ. ಈಗ ಪಕ್ಕದಲ್ಲಿ ಅಮ್ಮ ಕುಳಿತಿರುವಾಗ ಅದರ ಹೆಂಗಸರೆಲ್ಲ ನನ್ನ ಅಜ್ಜಿಯ ಮುಖ ಹೊತ್ತು ಬಂದರು.

ಕುಂದಾಪುರದಲ್ಲಿ ಕುಚ್ಚಲಕ್ಕಿ ಊಟ. ಅಮ್ಮ ಮನೆಯಲ್ಲಿ ಎರಡು ಹಿಡಿ ಉಣ್ಣುವವಳು ಅಲ್ಲಿ ಮತ್ತೆ ಬಡಿಸಿಕೊಂಡಳು. ಬಡಿಸುತ್ತಿದ್ದ ಹುಡುಗ "ಹ್ವಾಯ್, ನೀವ್ ಇಲ್ಲಿಯವ್ರಾ?" ಎಂದು ಕೇಳಿದ. ಅರವತ್ತು ವರ್ಷ ಘಟ್ಟದ ಮೇಲೆ ಬಾಳಿ ಅಲ್ಲಿನ ಮಾತು ಮೆತ್ತಿಕೊಂಡಿದ್ದರೂ ಅವಳ ನಾಲಿಗೆಯ ಮೊದಲ ಮಾತು ಆ ಹುಡುಗನ ಕಿವಿಗೆ ಬಿದ್ದಿತ್ತು. ಅಮ್ಮನ ಮುಖ ನೋಡಬೇಕಿತ್ತು.

ಕುಂದಾಪುರದ ಹೊಳೆಯ ದಡದಲ್ಲಿ ಹಿಂದೆ ಹೆಂಚಿನ ಕಾರ್ಖಾನೆಗಳ ಕೊಳವೆಗಳು ಸಾಲಾಗಿ ಹೊಗೆಯಾಡುತ್ತಿದ್ದವು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಶುರುಮಾಡಿದ ಈ ಕಸುಬು ಹೊಳೆಮಣ್ಣು ಮತ್ತು ಕಾಡಿನ ಸೌದೆಯ ಬಲದಿಂದ ಕರಾವಳಿಯುದ್ದಕ್ಕೂ ಹಬ್ಬಿತು. ನಮ್ಮ ಮಲೆನಾಡಿನ ಸೋಗೆಯ ಮಾಡುಗಳೆಲ್ಲ ಹೆಂಚಿನ ಮಾಡುಗಳಾದದ್ದು ಹೀಗೆ. ಈಗ ತಾರಸಿ ಮತ್ತು ತಗಡು ಬಂದು ಎಷ್ಟೋ ಕಾರ್ಖಾನೆಗಳು ಮುಚ್ಚಿವೆ. ನಮ್ಮ ಶಾಲೆಯ ಹಳೆಯ ಕಟ್ಟಡದ ಮೇಲೆ ಇನ್ನೂ ಆ ಹೆಂಚುಗಳಿವೆ. ಮಳೆಗಾಲದ ಮೊದಲು ನಾಲ್ಕು ಹೆಂಚು ಬದಲಿಸಬೇಕೆಂದರೆ ಹಳೆಯ ಮನೆ ಕೆಡವುವವರ ಹತ್ತಿರ ಕೇಳಿಟ್ಟಿರಬೇಕು.

ಮಧ್ಯಾಹ್ನ ಬಸರೂರು ಮುಟ್ಟಿದೆವು. ನೀರು ತುಂಬಿ ನಿಂತ ವಾರಾಹಿ, ತೆಂಗಿನ ಸಾಲು, ಬಾಗಿಲು ಮುಂದೆ ಮಾಡಿದ ಕೆಲವು ಅಂಗಡಿಗಳು. ಇದು ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆಯುತ್ತಿದ್ದ ಬಂದರು. ಅವರ ಗೋವೆಯ ಅನ್ನದ ಬಟ್ಟಲಿಗೆ ಕೆನರಾದ ಅಕ್ಕಿ ಬೇಕಿತ್ತು. ಅದಕ್ಕಾಗಿ ಕಪ್ಪ ಕೇಳಿದರು, ಕೋಟೆ ಕಟ್ಟಿದರು, ಕಾದಾಡಿದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಈ ಕರಾವಳಿಯ ಕೋಟೆಗಳಿಂದ ಹೊರಹಾಕಿದ. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಬಸರೂರನ್ನು ಸೂರೆ ಮಾಡಿದ. ಸೂರೆ ಮಾಡಲು ಅಷ್ಟು ದೂರದಿಂದ ಬರಬೇಕಾದರೆ ಇಲ್ಲಿ ಎಷ್ಟು ಸಂಪತ್ತಿದ್ದಿರಬೇಕು! ಇಲ್ಲಿನ ನಖರೇಶ್ವರ ಗುಡಿಯ ಹೆಸರಿನಲ್ಲಿರುವ ನಖರವೆಂದರೆ ವರ್ತಕರ ಸಂಘ. ಮೂಡುಕೇರಿ, ಮಂಡಿಕೇರಿ, ವಿಲಾಸಕೇರಿ ಎಂಬ ಹೆಸರುಗಳು ಈಗಲೂ ಬಾಯಲ್ಲಿವೆ. ಮಂಡಿ ಇಲ್ಲ, ವಿಲಾಸವೂ ಇಲ್ಲ, ಕೇರಿ ಇದೆ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1801ರಲ್ಲಿ ಈ ಕರಾವಳಿಯಲ್ಲಿ ಊರೂರು ದಾಟಿ ಉತ್ತರಕ್ಕೆ ಪಯಣಿಸಿದ. ಟಿಪ್ಪುವಿನ ಮರಣಾನಂತರ ಕೈಸೇರಿದ ಸೀಮೆಯ ಲೆಕ್ಕ ತಿಳಿಯಲು ಕಂಪನಿ ಸರ್ಕಾರ ಅವನನ್ನು ಕಳಿಸಿತ್ತು. ಎಲ್ಲಿ ಯಾವ ಬೆಳೆ, ಯಾವ ಅಳತೆ, ಏನು ದರ ಎಂದು ಬರೆದುಕೊಳ್ಳುತ್ತ ಹೋದ ಅವನ ಬರಹ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನ ನಾಡಿನಿಂದ ನಮ್ಮ ಹುಡುಗಿ ಚಿತ್ರ ಕಳಿಸಿದಳು, ನಾವು ಅವನು ನಡೆದ ಕಡೆ ಬಂದೆವು. ಅವನ ಹಾಗೆ ಲೆಕ್ಕ ಬರೆಯುವ ಕೆಲಸ ನಮಗಿರಲಿಲ್ಲ. ಆದರೆ ಒಂದು ಲೆಕ್ಕ ಶೃಂಗೇರಿಯ ಗೆಳತಿಯ ಮನಸ್ಸಿನಲ್ಲಿ ಬೆಳಗಿನಿಂದ ಕುದಿಯುತ್ತಿತ್ತು.

ಹೊಳೆಯ ದಂಡೆಯ ಕಲ್ಲಿನ ಮೇಲೆ ಕುಳಿತಿದ್ದಾಗ ಅವಳು ಕೇಳಿದಳು: "ಮುಗಿಯಿತು ಅಂತ ಇವರಿಗೆ ಯಾವಾಗ ಗೊತ್ತಾಗಿರಬಹುದು?"

ಅವಳು ಬಸರೂರನ್ನು ಕೇಳುತ್ತಿರಲಿಲ್ಲ. ಅವರ ತೋಟಕ್ಕೆ ಹಳದಿ ಎಲೆ ರೋಗ ಬಂದು ವರ್ಷಗಳಾದವು. ಶೃಂಗೇರಿ, ಕೊಪ್ಪ, ಎನ್.ಆರ್. ಪುರದ ಅಡಿಕೆ ತೋಟಗಳನ್ನು ಬಲ್ಲವರಿಗೆ ಈ ರೋಗದ ಪರಿಚಯ ಹೇಳಬೇಕಿಲ್ಲ. ಮರ ಒಮ್ಮೆಲೇ ಸಾಯುವುದಿಲ್ಲ. ಎಲೆ ಹಳದಿಯಾಗುತ್ತದೆ, ಸುಳಿ ಸಣ್ಣದಾಗುತ್ತದೆ, ಕಾಯಿ ಉದುರುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಬುಡದಿಂದ ಕೀಳಿಸಿ ಹೊಸ ಸಸಿ ಇಟ್ಟರೆ ಅದಕ್ಕೂ ಅದೇ ಗತಿ. ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬೇರೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ತೋಟ ಮಾರಿ ಬನ್ನಿ ಎನ್ನುತ್ತಾರೆ. ಅವಳಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿದೆ. ನನ್ನ ಶಾಲೆಯ ಕಥೆಯೂ ಬೇರೆಯಲ್ಲ. ನಾನು ಬಂದಾಗ ಎಂಟನೆಯ ತರಗತಿಗೆ ಎರಡು ವಿಭಾಗಗಳಿದ್ದವು. ಈಗ ಮೂರು ತರಗತಿಗಳನ್ನು ಕೂಡಿಸಿದರೂ ಐವತ್ತು ಮಕ್ಕಳಿಲ್ಲ. ಮುಗಿಯುವುದೆಂದರೆ ಒಂದು ದಿನ ಗಂಟೆ ಬಾರಿಸಿ ಹೇಳುವ ಸಂಗತಿಯಲ್ಲ. ಬಸರೂರಿನ ವರ್ತಕನೂ ಹೊಳೆಗೆ ಹೂಳು ತುಂಬುವುದನ್ನು, ಸರಕು ಮಂಗಳೂರಿನ ಕಡೆ ಸರಿಯುವುದನ್ನು ನೋಡುತ್ತ, ಮುಂದಿನ ವರ್ಷ ಸರಿಹೋದೀತು ಎಂದೇ ಅಂಗಡಿ ತೆರೆದಿದ್ದಾನು.

ಅಮ್ಮ ನಮ್ಮ ಮಾತು ಕೇಳುತ್ತಿದ್ದಾಳೆಂದು ನಾವು ಎಣಿಸಿರಲಿಲ್ಲ. "ಮುಗಿತ್ ಅಂದ್ಹೇಳಿ ಯಾರ್ ಕೂಕಂಡಿದ್ರ್ ಮಗಾ?" ಎಂದಳು. "ಹೊಟ್ಟೆ ಸುಮ್ನೆ ಬಿಡುತ್ತಾ? ಅಣ್ಣ ಬೊಂಬಾಯಿಗೆ ಹೋಗಿ ಲೋಟ ತೊಳೆದ. ಆಚೆಮನೆ ಹೆಣ್ಣುಮಕ್ಕಳು ಗೇರುಬೀಜದ ಕಾರ್ಖಾನೆಗೆ ಹೋದರು. ನಾನು ಘಟ್ಟ ಹತ್ತಿದೆ." ಸ್ವಲ್ಪ ತಡೆದು, ಹೊಳೆಯ ಕಡೆ ನೋಡುತ್ತ ಹೇಳಿದಳು: "ಆದರೆ ಹೋದವರಿಗೆ ಊರು ಮುಗಿಯುವುದಿಲ್ಲ. ಉಳಿದವರಿಗೇ ಮುಗಿಯುವುದು."

ಆ ಮಾತನ್ನು ನಾನು ಇಂದಿಗೂ ತಿರುಗಿಸಿ ನೋಡುತ್ತಿದ್ದೇನೆ. ಹೋದವಳು ಅವಳು. ಆಕೆಯ ಊರು ಅರವತ್ತು ವರ್ಷ ಹಾಗೆಯೇ ಉಳಿದಿತ್ತು. ನಾಲಿಗೆಯಲ್ಲಿ, ಗಂಜಿಯಲ್ಲಿ, ಹೊಳೆಯ ನೆನಪಿನಲ್ಲಿ. ಉಳಿದವರು ನಾವು ಮೂವರು. ಹಳದಿಯಾಗುವ ತೋಟವನ್ನು, ಖಾಲಿಯಾಗುವ ಬೆಂಚುಗಳನ್ನು ದಿನವೂ ಎಣಿಸಬೇಕಾದವರು. ಉಳಿಯುವುದು ಸುಲಭದ ಕೆಲಸವೆಂದು, ಹೋಗುವವರಿಗೇ ಧೈರ್ಯ ಬೇಕೆಂದು ನಾವು ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇವೆ. ಆ ಹೊಳೆದಂಡೆಯಲ್ಲಿ ಅದು ನನಗೆ ತಲೆಕೆಳಗಾಗಿ ಕಂಡಿತು.

ಅಮ್ಮನ ಹಳ್ಳಿಗೆ ಹೋದೆವು. ಮನೆಯಿದ್ದ ಜಾಗದಲ್ಲಿ ತಾರಸಿ ಮನೆ, ಹಳೆಯದೆಂದರೆ ಬಾವಿಕಟ್ಟೆಯೊಂದೇ. ಆ ಮನೆಯ ಹೆಂಗಸು ಒಳಗೆ ಕರೆದು ಎಳನೀರು ಕೊಟ್ಟಳು. ಅಮ್ಮ ಬಾವಿಗೆ ಬಗ್ಗಿ ನೋಡಿ "ನೀರು ಸಿಹಿ ಉಂಟಾ?" ಎಂದು ಕೇಳಿದಳು. ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗುತ್ತದೆ ಎಂದಳು ಆಕೆ. "ಆಗಳೂ ಹಾಂಗೇ" ಎಂದು ಅಮ್ಮ ಸಮಾಧಾನಪಟ್ಟಳು.

ಸಂಜೆ ಮರವಂತೆ. ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಸಮುದ್ರ, ನಡುವೆ ಹೆದ್ದಾರಿ. ಕಡಲಿನ ಇಷ್ಟು ಹತ್ತಿರ ಬಂದ ಹೊಳೆ ಅದನ್ನು ಸೇರದೆ ತಿರುಗಿ, ಗಂಗೊಳ್ಳಿಯವರೆಗೆ ನಡೆದು, ಅಲ್ಲಿ ವಾರಾಹಿ, ಚಕ್ರಾ ಮೊದಲಾದ ಹೊಳೆಗಳೊಡನೆ ಕೂಡಿ ಕಡಲಿಗೆ ಬೀಳುತ್ತದೆ. ಗಂಗೊಳ್ಳಿಯ ಕಡೆಯಿಂದ ದೋಣಿಗಳು ಹೊರಟಿದ್ದವು. ಜೂನ್, ಜುಲೈ ಎರಡು ತಿಂಗಳ ನಿಷೇಧದಲ್ಲಿ ದಡದಲ್ಲಿ ಕಟ್ಟಿಹಾಕಿದ ಯಾಂತ್ರಿಕ ದೋಣಿಗಳಿಗೆ ಇದು ದುಡಿಯುವ ಕಾಲ. ಅಮ್ಮ ಮರಳಿನ ಮೇಲೆ ಕುಳಿತು, ಕತ್ತಲಾಗುವವರೆಗೆ ಏಳಲಿಲ್ಲ. ಅಂದು ನಮ್ಮಲ್ಲಿ ಯಾರೂ ಘಟ್ಟ ಹತ್ತುವ ಅವಸರ ಮಾಡಲಿಲ್ಲ.

ಶೃಂಗೇರಿಯ ಗೆಳತಿ ತೋಟ ಮಾರಲಿಲ್ಲ, ಮಾರುವುದಿಲ್ಲವೆಂದೂ ಹೇಳಿಲ್ಲ. ಹೋದ ತಿಂಗಳು ಫೋನು ಮಾಡಿ, ಒಣಗಿದ ಅಡಿಕೆಯ ಸಾಲುಗಳ ನಡುವೆ ಕಾಫಿ ಮತ್ತು ಜಾಯಿಕಾಯಿ ಗಿಡ ಇಡಿಸಿದ್ದೇನೆ ಎಂದಳು. ಜಾಯಿಕಾಯಿ ಫಸಲಿಗೆ ಬರಲು ವರ್ಷಗಳು ಬೇಕು. ಅದನ್ನು ಅವಳಿಗೆ ನಾನು ಹೇಳಬೇಕಾದ್ದಿಲ್ಲ.

ರಜೆ ಮುಗಿದು ಶಾಲೆ ತೆರೆದಾಗ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಮನೆಯಲ್ಲಿ ಘಟ್ಟದ ಕೆಳಗಿನಿಂದ ಬಂದದ್ದು ಏನೇನಿದೆ, ಬರೆದು ತನ್ನಿ ಎಂದೆ. ಉಪ್ಪು, ಹೆಂಚು, ತೆಂಗಿನೆಣ್ಣೆ, ಮೀನು, ಯಕ್ಷಗಾನದ ಮೇಳ ಎಂದೆಲ್ಲ ಬಂತು. ಒಬ್ಬ ಹುಡುಗ "ನನ್ನ ಅಜ್ಜಿ" ಎಂದು ಬರೆದಿದ್ದ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನಮ್ಮಿಂದ ಕೆಳಗೆ ಹೋದದ್ದು?" ಎಂದಳು. ಬೋರ್ಡಿನ ಮೇಲೆ ಇನ್ನೊಂದು ಕಂಬಸಾಲು ಎಳೆದು ಅಕ್ಕಿ, ಅಡಿಕೆ, ಮೆಣಸು ಎಂದು ಬರೆದೆ. ಮಕ್ಕಳು ಎರಡನ್ನೂ ಡ್ರಾಯಿಂಗ್ ಹಾಳೆಗೆ ಇಳಿಸಿ ಗೋಡೆಗೆ ಅಂಟಿಸಿದ್ದಾರೆ. ಎರಡೂ ಕಡೆ ಕೆಳಗೆ ಜಾಗ ಬಿಟ್ಟಿದ್ದಾರೆ, ಇನ್ನೂ ಸೇರಿಸುವುದಿದೆಯಂತೆ.